ಮನವಿಯಲ್ಲಿ ಏನು ಕೇಳೋಣ: ದೊಡ್ಡ ಮಾನಸಿಕ ಆಸ್ಪತ್ರೆಯೋ, ತಪ್ಪದೆ ಸಿಗುವ ತಿಂಗಳ ಗುಳಿಗೆಯೋ?

ತೊಗರಿಹೊಲ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ ರೀ. ನಾನು ಕಲಬುರಗಿ ಜಿಲ್ಲೆಯವಳು. ತಾಲೂಕಿನ ಹೆಸರು ಹಾಕುತ್ತಿಲ್ಲ, ಹಾಕಿದರೆ ಯಾರ ಮನೆ ಅಂತ ಊರಿಗೆಲ್ಲ ಗೊತ್ತಾಗುತ್ತದೆ.

ನನ್ನ ತಮ್ಮನಿಗೆ ಒಂಬತ್ತು ವರ್ಷದಿಂದ ಸ್ಕಿಜೋಫ್ರೇನಿಯಾ ಇದೆ. ಗುಳಿಗೆ ತಪ್ಪದೆ ತಗೊಂಡರೆ ಹೊಲಕ್ಕೆ ಹೋಗುತ್ತಾನೆ, ಎಮ್ಮೆ ಹಿಂಡುತ್ತಾನೆ, ಸಂಜೆ ನನ್ನ ಮಗಳಿಗೆ ಗಣಿತ ಹೇಳಿಕೊಡುತ್ತಾನೆ. ಬಿಎಸ್ಸಿ ಎರಡನೇ ವರ್ಷದವರೆಗೆ ಓದಿದ ಹುಡುಗ. ಮೊದಲೆರಡು ವರ್ಷ ಸೊಲ್ಲಾಪುರಕ್ಕೆ ಹೋಗುತ್ತಿದ್ದೆವು, ಒಂದು ಸಲ ಹೋಗಿ ಬಂದರೆ ತಿಂಗಳ ಕೂಲಿ ಅಲ್ಲೇ ಮುಗಿಯುತ್ತಿತ್ತು. ಆಮೇಲೆ ನಮ್ಮ ತಾಲೂಕು ದವಾಖಾನೆಯಲ್ಲೇ ಮಂಗಳವಾರ ಮನೋವೈದ್ಯರು ಬರುತ್ತಾರೆ ಅಂತ ಗೊತ್ತಾಯಿತು. ಮನೋಚೈತನ್ಯ ಅಂತ ಆ ಕಾರ್ಯಕ್ರಮದ ಹೆಸರು, 2014ರಲ್ಲೇ ರಾಜ್ಯದಲ್ಲಿ ಶುರುವಾಗಿದ್ದಂತೆ, ನಮಗೆ ಯಾರೂ ಹೇಳಿರಲಿಲ್ಲ. ಅಲ್ಲಿಗೆ ಹೋಗಲು ಶುರು ಮಾಡಿದ ಮೇಲೆ ಮನೆಗೆ ಉಸಿರು ಬಂತು, ಅದನ್ನು ಹೇಳಲೇಬೇಕು.

ಆದರೆ ಹೋದ ವರ್ಷದ ಹಿಂದಿನ ಬೇಸಿಗೆಯಲ್ಲಿ ಗುಳಿಗೆ ಖಾಲಿ ಆಯಿತು. "ಮುಂದಿನ ವಾರ ಬರ್ರಿ" ಅಂದರು. ಮುಂದಿನ ವಾರವೂ ಅದೇ ಮಾತು. ನಾನು ಗಂಡನ ಮನೆಯಲ್ಲಿದ್ದೆ, ಅವ್ವ ಫೋನಿನಲ್ಲಿ ಎಲ್ಲಾ ಸರಿ ಇದೆ ಅಂದಳು. ಹೊರಗೆ ಮೆಡಿಕಲ್‌ನಲ್ಲಿ ಕೊಳ್ಳಲು ದುಡ್ಡಿಲ್ಲದೆ ಅವಳು ಉಳಿದ ಗುಳಿಗೆಗಳನ್ನು ಬ್ಲೇಡಿನಿಂದ ಅರ್ಧ ಮಾಡಿ, ಪೇಪರಿನಲ್ಲಿ ಸುತ್ತಿ, ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟುಕೊಂಡು ದಿನಕ್ಕೆ ಒಂದು ತುಂಡು ಕೊಡುತ್ತಿದ್ದಳು. ಆಮೇಲೆ ದಿನ ಬಿಟ್ಟು ದಿನ. ಹದಿನೈದು ಇಪ್ಪತ್ತು ದಿನದಲ್ಲಿ ಅವನಿಗೆ ನಿದ್ದೆ ಹೋಯಿತು. ಟಿವಿಯಲ್ಲಿ ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಅನ್ನಲು ಶುರು ಮಾಡಿದ. ಒಂದು ರಾತ್ರಿ ಮನೆ ಬಿಟ್ಟ. ಮೂರನೇ ದಿನ ಬೇರೆ ಊರಿನ ರೈಲು ನಿಲ್ದಾಣದಲ್ಲಿ ಸಿಕ್ಕ, ಕಾಲಲ್ಲಿ ಚಪ್ಪಲಿ ಇರಲಿಲ್ಲ, ಅಂಗಾಲೆಲ್ಲ ಬೊಬ್ಬೆ ಎದ್ದಿತ್ತು. ಎರಡು ತೊಲ ಬಂಗಾರ ಅಡವಿಟ್ಟು ಖಾಸಗಿಯಲ್ಲಿ ಸೇರಿಸಿದೆವು. ಆ ಬಂಗಾರ ಇನ್ನೂ ಬಿಡಿಸಿಕೊಂಡಿಲ್ಲ.

ಈಗ ವಿಷಯ ಏನಂದರೆ, ಮುಂದಿನ ತಿಂಗಳು ನಮ್ಮಲ್ಲಿ ಜನಸ್ಪಂದನ ಸಭೆ ಇದೆ. ಊರಿನ ಯುವಕ ಸಂಘದವರು ಮಾನಸಿಕ ಆರೋಗ್ಯದ ಬಗ್ಗೆ ಒಂದು ಮನವಿ ಕೊಡೋಣ ಅಂತ ಮುಂದೆ ಬಂದಿದ್ದಾರೆ, ಬರೆಯಲು ನನಗೆ ಹೇಳಿದ್ದಾರೆ. ಅವರ ಮಾತು: ಹೃದಯಕ್ಕೆ ಕಲಬುರಗಿಗೆ 371 ಹಾಸಿಗೆಯ ಜಯದೇವ ಬಂತು, ಕ್ಯಾನ್ಸರಿಗೆ ಕಿದ್ವಾಯಿ ಇದೆ, ಹಾಗೇ ಮನಸ್ಸಿನ ರೋಗಕ್ಕೂ ಬೆಂಗಳೂರಿನ ನಿಮ್ಹಾನ್ಸ್ ತರಹದ್ದು ಒಂದು ಬೇಕು, ಅದನ್ನೇ ಗಟ್ಟಿಯಾಗಿ ಕೇಳೋಣ. ಅವರ ಮಾತು ತಪ್ಪು ಅಂತ ನನಗೂ ಅನ್ನಿಸುವುದಿಲ್ಲ. ಆದರೆ ಆ ಬೇಸಿಗೆಯಲ್ಲಿ ನನ್ನ ತಮ್ಮನಿಗೆ ಬೇಕಾಗಿದ್ದು ಒಂದು ಪಟ್ಟಿ ಗುಳಿಗೆ, ಅಷ್ಟೇ. ಸರ್ಕಾರ ಈ ವ್ಯವಸ್ಥೆಯನ್ನು ಸುಧಾರಿಸಬೇಕು ಅಂದರೆ ಮೊದಲು ಯಾವುದಕ್ಕೆ ಕೈ ಹಾಕಬೇಕು? ಮನವಿ ಒಂದೇ ಹಾಳೆ ಇರಬೇಕಂತೆ. ದವಾಖಾನೆ ಒಳಗಿನ ಕೆಲಸ ಗೊತ್ತಿದ್ದವರು, ಕಾನೂನು ಗೊತ್ತಿದ್ದವರು, ನನ್ನ ಹಾಗೆ ಮನೆಯಲ್ಲಿ ನೋಡಿಕೊಳ್ಳುವವರು ದಯವಿಟ್ಟು ಹೇಳಿ.


ಔಷಧ ಕಿಟಕಿ

ಅಕ್ಕಾರೆ, ನಾನು ಬೀದರ ಜಿಲ್ಲೆಯವನು, ಮೂವತ್ತು ವರ್ಷ ಸರ್ಕಾರಿ ದವಾಖಾನೆಗಳಲ್ಲಿ ಫಾರ್ಮಸಿಸ್ಟ್ ಆಗಿ ಕೆಲಸ ಮಾಡಿ ನಿವೃತ್ತಿ ಆಗಿದ್ದೇನೆ. ನಿಮ್ಮ ಅವ್ವ ಬ್ಲೇಡಿನಿಂದ ಗುಳಿಗೆ ಕತ್ತರಿಸಿದ್ದು ಓದಿ ರಾತ್ರಿ ನಿದ್ದೆ ಬರಲಿಲ್ಲ. ಕಿಟಕಿಯ ಈ ಕಡೆ ಕೂತು "ಮುಂದಿನ ವಾರ ಬರ್ರಿ" ಅಂತ ನಾನೂ ಎಷ್ಟೋ ಜನರಿಗೆ ಹೇಳಿದ್ದೇನೆ.

ಗುಳಿಗೆ ಯಾಕೆ ಖಾಲಿ ಆಗುತ್ತದೆ ಅನ್ನುವುದನ್ನು ಮೊದಲು ತಿಳಿದುಕೊಳ್ಳಿ, ಮನವಿ ಗಟ್ಟಿ ಆಗುತ್ತದೆ. ಪ್ರತಿ ದವಾಖಾನೆಯಿಂದ ವರ್ಷಕ್ಕೆ ಎಷ್ಟು ಔಷಧ ಬೇಕು ಅಂತ ಇಂಡೆಂಟ್ ಹೋಗುತ್ತದೆ. ರಾಜ್ಯ ವೈದ್ಯಕೀಯ ಸರಬರಾಜು ನಿಗಮ ಟೆಂಡರ್ ಕರೆದು ಖರೀದಿ ಮಾಡಿ ಜಿಲ್ಲಾ ಗೋದಾಮಿಗೆ ಕಳಿಸುತ್ತದೆ, ಅಲ್ಲಿಂದ ನಮಗೆ. ಇಂಡೆಂಟ್ ಬರೆಯುವಾಗ ನಾವು ನೋಡುವುದು ಹೋದ ವರ್ಷ ಎಷ್ಟು ಖರ್ಚಾಗಿದೆ ಅನ್ನುವುದನ್ನು. ಇಲ್ಲೇ ಗಂಟು ಇರುವುದು. ಹೋದ ವರ್ಷ ಮೂರು ತಿಂಗಳು ಸ್ಟಾಕ್ ಇರಲಿಲ್ಲ ಅಂದುಕೊಳ್ಳಿ, ಆಗ ಪುಸ್ತಕದಲ್ಲಿ ಒಂಬತ್ತು ತಿಂಗಳ ಖರ್ಚು ಮಾತ್ರ ಕಾಣುತ್ತದೆ. ಅದನ್ನೇ ಪೂರ್ತಿ ವರ್ಷದ ಲೆಕ್ಕ ಅಂತ ಹಿಡಿದು ಈ ವರ್ಷ ಇನ್ನೂ ಕಡಿಮೆ ಕೇಳುತ್ತೇವೆ. ಬರಿಗೈಲಿ ಮನೆಗೆ ಹೋದವರ ಲೆಕ್ಕ ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ. ಜ್ವರದ ಗುಳಿಗೆ ಆದರೆ ಜನ ಗಲಾಟೆ ಮಾಡುತ್ತಾರೆ, ಪತ್ರಿಕೆಯಲ್ಲಿ ಬರುತ್ತದೆ. ಮನಸ್ಸಿನ ಗುಳಿಗೆ ಇಲ್ಲ ಅಂದರೆ ತಲೆ ತಗ್ಗಿಸಿಕೊಂಡು ಸುಮ್ನೆ ಹೋಗಿಬಿಡುತ್ತಾರೆ.

ಅದಕ್ಕೆ ನಾನು ಹೇಳುವುದು, ಇಂಡೆಂಟನ್ನು ಹೋದ ವರ್ಷದ ಖರ್ಚಿನಿಂದ ಮಾಡಬಾರದು, ಈಗ ಎಷ್ಟು ಜನ ರೋಗಿಗಳು ನೋಂದಣಿ ಆಗಿದ್ದಾರೆ ಅನ್ನುವುದರಿಂದ ಮಾಡಬೇಕು. ಈ ಕಾಯಿಲೆಗೆ ಗುಳಿಗೆ ವರ್ಷಗಟ್ಟಲೆ ಬೇಕು, ಕೆಲವರಿಗೆ ಜೀವನಪೂರ್ತಿ. ಹಾಗಾಗಿ ಲೆಕ್ಕ ಬಹಳ ಸುಲಭ. ನೂರು ಜನ ಇದ್ದಾರೆ, ದಿನಕ್ಕೆ ಎರಡು ಗುಳಿಗೆ, ವರ್ಷಕ್ಕೆ 73,000. ಇದಕ್ಕೆ ಯಾವ ದೊಡ್ಡ ಯೋಜನೆಯೂ ಬೇಡ. ಇನ್ನೊಂದು, ನಡುವೆ ಖಾಲಿ ಆದರೆ ದವಾಖಾನೆಯದೇ ಆದ ಆರೋಗ್ಯ ರಕ್ಷಾ ಸಮಿತಿಯ ದುಡ್ಡಿನಿಂದ ಸ್ಥಳೀಯವಾಗಿ ಕೊಳ್ಳಲು ದಾರಿ ಇದೆ. ಹಾಗೆ ಕೊಳ್ಳುವ ಔಷಧಗಳ ಪಟ್ಟಿಯಲ್ಲಿ ಮನೋರೋಗದ ನಾಲ್ಕೈದು ಗುಳಿಗೆ ಮತ್ತು ಸೂಜಿ ಕಡ್ಡಾಯವಾಗಿ ಇರಬೇಕು ಅಂತ ಬರೆಯಿರಿ.

ನೀವು ಈಗಲೇ ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ಗುಳಿಗೆ ಇಲ್ಲ ಅಂದ ದಿನ ಚೀಟಿಯ ಮೇಲೆ "ಸ್ಟಾಕ್ ಇಲ್ಲ" ಅಂತ ಬರೆಸಿಕೊಂಡು, ದಿನಾಂಕ ಹಾಕಿಸಿ, ಫೋಟೋ ತೆಗೆದಿಟ್ಟುಕೊಳ್ಳಿ. ಜಗಳ ಆಡಬೇಡಿ, ಬರೆಸಿಕೊಳ್ಳಿ ಅಷ್ಟೇ. ಹತ್ತು ಮನೆಯವರು ಹೀಗೆ ಬರೆಸಿಕೊಂಡರೆ ಇಂಡೆಂಟ್ ಬರೆಯುವ ನಮ್ಮಂಥವರ ಕೈಗೂ ಬಲ ಬರುತ್ತದೆ.

ಮತ್ತೆ ಗುಳಿಗೆಯ ಬಣ್ಣ. ಕಂಪನಿ ಬದಲಾದರೆ ಅದೇ ಔಷಧ ಬೇರೆ ಬಣ್ಣದಲ್ಲಿ ಬರುತ್ತದೆ. ಓದಲು ಬಾರದ ತಾಯಂದಿರು ಬಣ್ಣ ನೋಡಿಯೇ ಗುರುತು ಹಿಡಿಯುತ್ತಾರೆ, "ಇದು ನಮ್ಮ ಹುಡುಗನ ಗುಳಿಗೆ ಅಲ್ಲ" ಅಂತ ವಾಪಸ್ ಕೊಟ್ಟವರನ್ನು ನಾನು ಕಂಡಿದ್ದೇನೆ. ಹಳೆ ಪಟ್ಟಿ ಮತ್ತು ಹೊಸ ಪಟ್ಟಿ ಎರಡನ್ನೂ ಪಕ್ಕ ಪಕ್ಕ ಹಿಡಿದು ತೋರಿಸಲು ಎರಡು ನಿಮಿಷ ಸಾಕು. ಆ ಎರಡು ನಿಮಿಷ ಕಿಟಕಿಯಲ್ಲಿ ಸಿಗುವುದಿಲ್ಲ, ಹಿಂದೆ ಐವತ್ತು ಜನ ನಿಂತಿರುತ್ತಾರೆ.


ಭೀಮಾತೀರ

ಔಷಧ ಕಿಟಕಿ ಅಣ್ಣಾರ ಮಾತು ಒಪ್ಪುತ್ತೇನೆ, ಆದರೆ ಗುಳಿಗೆ ಇದ್ದರೆ ಸಾಕು ಅನ್ನುವ ಹಾಗೆ ಮನವಿ ಬರೆದುಬಿಡಬೇಡಿ ಅಕ್ಕಾ, ಕೈಮುಗಿದು ಕೇಳುತ್ತೇನೆ.

ನಾನು ಯಾದಗಿರಿ ಜಿಲ್ಲೆಯವನು. ನನ್ನ ತಂಗಿಗೆ ಹೆರಿಗೆ ಆಗಿ ಹನ್ನೊಂದನೇ ದಿನಕ್ಕೆ ಬುದ್ಧಿ ಕೆಟ್ಟಿತು. ಬಾಣಂತಿ ಸನ್ನಿ ಅಂದರು, ಗಾಳಿ ಬಡಿದಿದೆ ಅಂದರು, ಹಾಲು ಕುಡಿಸುತ್ತಿದ್ದ ಕೂಸನ್ನು ನನ್ನದಲ್ಲ ಅಂತ ತಳ್ಳಿದಳು. ಅವಳನ್ನು ಸೇರಿಸಲೇಬೇಕಿತ್ತು. ಆದರೆ ಮನೋರೋಗದವರನ್ನು ಸೇರಿಸಿಕೊಳ್ಳುವ ಕಡೆ ಕೂಸನ್ನು ಬಿಡಲಿಲ್ಲ, ಕೂಸು ಇರಬಹುದಾದ ಹೆರಿಗೆ ವಾರ್ಡಿನಲ್ಲಿ ಇವಳನ್ನು ಬಿಡಲಿಲ್ಲ. ಕೊನೆಗೆ ಸಾಲ ಮಾಡಿ ಗಾಡಿ ಮಾಡಿಕೊಂಡು ರಾತ್ರಿಯಿಡೀ ಪ್ರಯಾಣ ಮಾಡಿ ನಿಮ್ಹಾನ್ಸ್ ಮುಟ್ಟಿದೆವು. ಅಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ಬೇರೆ ವಾರ್ಡೇ ಇದೆ, ಅಂಥದ್ದೊಂದು ಇರುತ್ತದೆ ಅಂತಲೇ ನಮಗೆ ಗೊತ್ತಿರಲಿಲ್ಲ. ನರ್ಸಮ್ಮ ಪಕ್ಕದಲ್ಲೇ ಕೂತು ದಿನಾ ಸ್ವಲ್ಪ ಸ್ವಲ್ಪ ಹೊತ್ತು ಕೂಸನ್ನು ಅವಳ ತೊಡೆಯ ಮೇಲೆ ಇಡುತ್ತಿದ್ದರು. ನಾಲ್ಕನೇ ವಾರ ತಾನೇ ಎತ್ತಿಕೊಂಡಳು. ಈಗ ಆ ಕೂಸು ಅಂಗನವಾಡಿಗೆ ಹೋಗುತ್ತದೆ.

ಎಲ್ಲರ ಕೈಲೂ ಅಷ್ಟು ದೂರ ಹೋಗಲು ಆಗುತ್ತದಾ? ದಾರಿಯಲ್ಲಿ ಏನಾದರೂ ಆಗಿದ್ದರೆ? ಅದಕ್ಕೆ ನಮ್ಮ ಕಡೆಗೂ ಹಾಸಿಗೆ ಬೇಕು, ದೊಡ್ಡದೇ ಬೇಕು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ಬಂದು ಹತ್ತು ವರ್ಷದ ಮೇಲಾಯಿತು, ಕಲ್ಯಾಣ ಕರ್ನಾಟಕ ಅಂತ ಹೆಸರೂ ಬದಲಾಯಿತು, ಹೆಸರಿನ ಜೊತೆ ಇವೂ ಬರಬೇಕಲ್ವಾ. ಯುವಕ ಸಂಘದವರು ಕೇಳುವುದು ನ್ಯಾಯವೇ.


ಔಷಧ ಕಿಟಕಿ

ತಮ್ಮಾ, ನಿನ್ನ ಮಾತು ಸರಿ. ಹಾಸಿಗೆ ಬೇಡ ಅಂತ ನಾನು ಹೇಳಲಿಲ್ಲ. ಆದರೆ ಹಾಸಿಗೆ ಅಂದ ಕೂಡಲೇ ನಾವು ಹೊಸ ಕಟ್ಟಡ ಅಂದುಕೊಳ್ಳುತ್ತೇವೆ, ಜಾಗ ಹುಡುಕು, ಟೆಂಡರ್ ಕರೆ, ಅಡಿಗಲ್ಲು ಹಾಕು, ಅಷ್ಟರಲ್ಲಿ ನಿನ್ನ ತಂಗಿಯಂಥವರು ಎಷ್ಟು ಜನ. ಕಲಬುರಗಿ, ಬೀದರ, ಯಾದಗಿರಿ ಮೂರೂ ಕಡೆ ಈಗ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲೇ ಜಿಲ್ಲಾ ಮಟ್ಟದಲ್ಲಿ ಹತ್ತು ಹಾಸಿಗೆ ಅಂತ ಇದೆ. ಅವುಗಳಲ್ಲಿ ಎರಡು ತಾಯಿ ಮಗುವಿಗೆ ಮೀಸಲಿಡಿ ಅಂತ ಕೇಳಿದರೆ ಅದು ವರ್ಷದೊಳಗೆ ಆಗುವ ಕೆಲಸ. ಅಕ್ಕಾರೆ, ಇದನ್ನು ಮನವಿಯಲ್ಲಿ ಸೇರಿಸಿರಿ.


ಕರಿಕೋಟು

ನಾನು ಕಲಬುರಗಿಯಲ್ಲಿ ವಕೀಲಿ ಮಾಡುತ್ತೇನೆ. ಅಕ್ಕಾ, ನೀವು ಮನವಿಯಲ್ಲಿ "ದಯಪಾಲಿಸಬೇಕು" ಅಂತ ಬರೆಯಬೇಡಿ. ಇದು ನಿಮ್ಮ ಹಕ್ಕು. ಕಾನೂನಿನ ಹೆಸರು ಮತ್ತು ಕಲಂ ಹಾಕಿಯೇ ಬರೆಯಿರಿ.

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017, ಜಾರಿಗೆ ಬಂದಿದ್ದು 2018ರಲ್ಲಿ. ಅದರ ಹಿಂದೆ ಇದ್ದದ್ದು 1987ರ ಕಾಯ್ದೆ, ಅದಕ್ಕೂ ಹಿಂದೆ ಬ್ರಿಟಿಷರ 1912ರ ಹುಚ್ಚರ ಕಾಯ್ದೆ. ಹಳೆ ಕಾಯ್ದೆಗಳು ಹೆಚ್ಚಾಗಿ ಮಾತಾಡಿದ್ದು ಯಾರನ್ನು ಒಳಗೆ ಹಾಕಬೇಕು, ಹೇಗೆ ಇಡಬೇಕು ಅನ್ನುವುದರ ಬಗ್ಗೆ. ಹೊಸದು ಚಿಕಿತ್ಸೆ ಪಡೆಯುವ ಹಕ್ಕಿನ ಬಗ್ಗೆ ಮಾತಾಡುತ್ತದೆ. 18ನೇ ಕಲಂ ಓದಿ. ಅದರ 10ನೇ ಉಪಕಲಂ ನಿಮ್ಮ ತಮ್ಮನಿಗೇ ಬರೆದ ಹಾಗಿದೆ: ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮನೋರೋಗದ ಔಷಧಿಗಳು ಸಮುದಾಯ ಆರೋಗ್ಯ ಕೇಂದ್ರ ಮತ್ತು ಅದಕ್ಕಿಂತ ಮೇಲಿನ ಎಲ್ಲ ಸರ್ಕಾರಿ ದವಾಖಾನೆಗಳಲ್ಲಿ ಉಚಿತವಾಗಿ, ಯಾವಾಗಲೂ ಸಿಗಬೇಕು. "ಯಾವಾಗಲೂ" ಅನ್ನುವ ಮಾತು ಕಾಯ್ದೆಯಲ್ಲೇ ಇದೆ. ಮುಂದಿನ ವಾರ ಬರ್ರಿ ಅನ್ನುವುದಕ್ಕೆ ಅಲ್ಲಿ ಜಾಗ ಇಲ್ಲ.

ಎರಡನೆಯದು 31ನೇ ಕಲಂ. ಸರ್ಕಾರಿ ದವಾಖಾನೆಗಳ ಮತ್ತು ಜೈಲುಗಳ ಎಲ್ಲ ವೈದ್ಯಾಧಿಕಾರಿಗಳಿಗೆ ಮನೋರೋಗದ ಮೂಲ ಚಿಕಿತ್ಸೆಯ ತರಬೇತಿ ಕೊಡಬೇಕು, ಮತ್ತೆ ಜನಸಂಖ್ಯೆಗೆ ತಕ್ಕಷ್ಟು ತಜ್ಞರನ್ನು ಹತ್ತು ವರ್ಷದ ಒಳಗೆ ಒದಗಿಸಬೇಕು ಅಂತ ಇದೆ. 2018ಕ್ಕೆ ಹತ್ತು ಕೂಡಿಸಿ, 2028. ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ, ಇರುವವರಲ್ಲೂ ಬಹಳ ಜನ ದೊಡ್ಡ ಊರುಗಳಲ್ಲಿ. ಹಾಗಾಗಿ ಸಭೆಯಲ್ಲಿ ನೇರವಾಗಿ ಕೇಳಿ, ನಮ್ಮ ತಾಲೂಕಿನ ಎಷ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರಿಗೆ ಈ ತರಬೇತಿ ಆಗಿದೆ, ಅಂತ. ಉತ್ತರ ಲಿಖಿತವಾಗಿ ಕೊಡಿ ಅನ್ನಿ.

ಸೇವೆಯಲ್ಲಿ ಕೊರತೆ ಆದರೆ ದೂರು ಕೊಡುವ ಹಕ್ಕು 28ನೇ ಕಲಂನಲ್ಲಿದೆ, ಮೊದಲು ಆ ದವಾಖಾನೆಯ ಮುಖ್ಯ ವೈದ್ಯಾಧಿಕಾರಿಗೆ, ಅಲ್ಲಿ ಆಗದಿದ್ದರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ, ಅದಕ್ಕೂ ಮೇಲೆ ರಾಜ್ಯ ಪ್ರಾಧಿಕಾರಕ್ಕೆ. ವಕೀಲರಿಗೆ ದುಡ್ಡು ಕೊಡಬೇಕಾಗಿಲ್ಲ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ನೆರವು ಕೊಡುತ್ತದೆ, ನಮ್ಮ ಕೋರ್ಟ್ ಆವರಣದಲ್ಲೇ ಕಚೇರಿ ಇದೆ.

ಒಂದು ಮಾತು ಸೇರಿಸುತ್ತೇನೆ, ಇದು ಕಾನೂನಿನದ್ದಲ್ಲ. ನಮ್ಮವರು ಯಾವಾಗಲೂ ಬೆಂಗಳೂರಿನ ಮಾದರಿ ಇಲ್ಲಿಗೆ ಬರಲಿ ಅನ್ನುತ್ತಾರೆ. ಇಡೀ ದೇಶ ಇವತ್ತು ನಡೆಸುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಮೊದಲು ಪ್ರಯೋಗ ಆಗಿದ್ದು ನಮ್ಮ ಬಳ್ಳಾರಿಯಲ್ಲಿ. 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು, ಕೆಲವೇ ಕೆಲವು ಅಗತ್ಯ ಔಷಧ ಇಟ್ಟುಕೊಂಡು ಹಳ್ಳಿಯವರಿಗೆ ಹತ್ತಿರದಲ್ಲೇ ಚಿಕಿತ್ಸೆ ಆಗುತ್ತದೆ ಅಂತ ತೋರಿಸಿದರು. ಅದನ್ನು ನೋಡಿಯೇ 1996ರಲ್ಲಿ ಕೇಂದ್ರ ಸರ್ಕಾರ ಬೇರೆ ರಾಜ್ಯಗಳ ಜಿಲ್ಲೆಗಳಿಗೂ ತಗೊಂಡು ಹೋಯಿತು. ಕಲ್ಯಾಣ ಕರ್ನಾಟಕದ ಹಳ್ಳಿ ದವಾಖಾನೆಗಳಲ್ಲೇ ಹುಟ್ಟಿದ ದಾರಿ ಇದು. ನಮ್ಮ ತಾಲೂಕಿನಲ್ಲೇ ಅದು ಸರಿಯಾಗಿ ನಡೆಯಲಿ ಅಂತ ಕೇಳುವುದು ಸಣ್ಣ ಬೇಡಿಕೆ ಅಲ್ಲ.


ಬಿಸಿಲುಹೊಳೆ

ಇಲ್ಲಿ ಎಲ್ಲರೂ ಮನೆಯವರು, ನೌಕರರು ಮಾತಾಡಿದ್ದೀರಿ. ನಾನು ರೋಗಿ. ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ಅತಿ ಏರುವ, ಒಮ್ಮೆ ಅತಿ ಇಳಿಯುವ ಕಾಯಿಲೆ, ಹದಿನಾಲ್ಕು ವರ್ಷ ಆಯಿತು. ಸೇಡಂ ಕಡೆಯವನು, ಕಿರಾಣಿ ಅಂಗಡಿ ಇದೆ, ಮದುವೆ ಆಗಿದೆ, ಒಬ್ಬ ಮಗ.

ನಾನು ತಗೊಳ್ಳುವುದು ಲಿಥಿಯಂ. ಈ ಗುಳಿಗೆ ಒಳ್ಳೆಯದು, ನನ್ನ ಜೀವ ಉಳಿಸಿದ್ದೇ ಅದು. ಆದರೆ ರಕ್ತದಲ್ಲಿ ಎಷ್ಟಿದೆ ಅಂತ ಆಗಾಗ ಪರೀಕ್ಷೆ ಮಾಡಿಸಬೇಕು, ಜಾಸ್ತಿ ಆದರೆ ವಿಷ ಆಗುತ್ತದೆ. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ, ಏಪ್ರಿಲ್ ಮೇ ತಿಂಗಳಲ್ಲಿ 42, 43 ಡಿಗ್ರಿ. ಬೆವರಿ ಮೈಯ ನೀರು, ಉಪ್ಪು ಕಡಿಮೆ ಆದರೆ ಅದೇ ಗುಳಿಗೆ ಅದೇ ಪ್ರಮಾಣದಲ್ಲಿ ತಗೊಂಡರೂ ರಕ್ತದಲ್ಲಿ ಲಿಥಿಯಂ ಏರುತ್ತದೆ. ಒಂದು ಮೇ ತಿಂಗಳಲ್ಲಿ ನನಗೆ ಹಾಗೇ ಆಯಿತು. ಕೈ ನಡುಗಿ ತಕ್ಕಡಿ ಹಿಡಿಯಲು ಆಗಲಿಲ್ಲ, ಸಕ್ಕರೆ ಎಲ್ಲಾ ಚೆಲ್ಲಿತು, ವಾಂತಿ, ಭೇದಿ, ನಡೆದರೆ ಕುಡಿದವರ ಹಾಗೆ ತೂರಾಟ. ಗಿರಾಕಿಗಳು ಕುಡಿದಿದ್ದಾನೆ ಅಂದರು. ಮನೆಯವರು ಬಿಸಿಲಿಗೆ ಹೀಗೆ ಅಂತ ಮಜ್ಜಿಗೆ ಕೊಟ್ಟು ಮಲಗಿಸಿದರು. ಆಮೇಲೆ ನನ್ನ ಹೆಂಡತಿಗೆ ಅನುಮಾನ ಬಂದು ದವಾಖಾನೆಗೆ ಕರೆದುಕೊಂಡು ಹೋದಳು. ರಕ್ತವನ್ನು ದೂರದ ಲ್ಯಾಬಿಗೆ ಕಳಿಸಿ ಉತ್ತರ ಬರುವಷ್ಟರಲ್ಲಿ ಒಂದೂವರೆ ದಿನ ಹೋಗಿತ್ತು.

ಲಿಥಿಯಂ ತಗೊಳ್ಳುವವರಿಗೆ ಬೇಸಿಗೆಗೆ ಮುಂಚೆ ಒಂದು ರಕ್ತ ಪರೀಕ್ಷೆ, ಅದರ ಉತ್ತರ ಬೇಗ ಸಿಗುವ ವ್ಯವಸ್ಥೆ, ಮತ್ತು ಯಾರಾದರೂ ಐದು ನಿಮಿಷ ಕೂರಿಸಿ "ನೀರು ಜಾಸ್ತಿ ಕುಡಿ, ಉಪ್ಪು ಬಿಡಬೇಡ, ಕೈ ನಡುಗಿದರೆ ತಕ್ಷಣ ಬಾ" ಅಂತ ಹೇಳುವುದು, ಇದನ್ನು ಮನವಿಯಲ್ಲಿ ಬರೆಯಿರಿ ಅಕ್ಕಾ. ಬೆಂಗಳೂರಿನಲ್ಲಿ ಕೂತು ಯೋಜನೆ ಬರೆಯುವವರಿಗೆ ನಮ್ಮ ಬಿಸಿಲು ಗೊತ್ತಿರುವುದಿಲ್ಲ.

ಇನ್ನೂ ಒಂದು. ಮಂಗಳವಾರದ ಸಾಲಿಗೆ ದವಾಖಾನೆಯಲ್ಲಿ ಕೆಲವರು "ಹುಚ್ಚರ ಲೈನು" ಅನ್ನುತ್ತಾರೆ. ನಮ್ಮ ಕಿವಿಗೂ ಬೀಳುತ್ತದೆ. ಬಿಪಿ ಶುಗರ್ ನೋಡುವ ಕೋಣೆಯಲ್ಲೇ, ಅದೇ ಚೀಟಿಯಲ್ಲೇ ನಮ್ಮನ್ನೂ ನೋಡಿದರೆ ಎಷ್ಟೋ ಜನ ಬರುತ್ತಾರೆ, ಈಗ ಬಾರದವರೂ ಬರುತ್ತಾರೆ. ಮತ್ತೆ ಡಾಕ್ಟರು ನನ್ನ ಜೊತೆ ಮಾತಾಡಬೇಕು. ನಾನು ಎದುರಿಗೇ ಕೂತಿರುವಾಗ ನನ್ನ ಅಣ್ಣನನ್ನು "ಹೇಗಿದ್ದಾನೆ ಇವನು" ಅಂತ ಕೇಳುತ್ತಾರೆ. ಕರಿಕೋಟು ಸರ್ ಹೇಳಿದ ಅದೇ ಕಾಯ್ದೆಯಲ್ಲಿ, ಮುಂದೆ ರೋಗ ಜೋರಾದಾಗ ನನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನನ್ನ ಪರವಾಗಿ ಯಾರು ಮಾತಾಡಬೇಕು ಅಂತ ನಾನು ಚೆನ್ನಾಗಿರುವಾಗಲೇ ಬರೆದಿಡುವ ಹಕ್ಕು ಇದೆಯಂತೆ. ನಾನು ಬರೆದಿಟ್ಟಿದ್ದೇನೆ. ಹೆಂಡತಿಯ ಹೆಸರು ಹಾಕಿದ್ದೇನೆ.


ಹಳ್ಳಿ ಆಶಾ

ಅಕ್ಕ, ನಾನು ಅಫಜಲಪುರ ತಾಲೂಕಿನ ಆಶಾ ಕಾರ್ಯಕರ್ತೆ. ಜಾಸ್ತಿ ಬರೆಯಲು ಬರುವುದಿಲ್ಲ, ಎರಡೇ ಮಾತು.

ನಮ್ಮ ಕಡೆ ಇಂಥ ಕಾಯಿಲೆ ಅಂದರೆ ಮೊದಲು ಗಾಣಗಾಪುರಕ್ಕೆ ಹೋಗುತ್ತಾರೆ, ದರ್ಗಾಕ್ಕೆ ಹೋಗುತ್ತಾರೆ, ತಾಯತ ಕಟ್ಟಿಸುತ್ತಾರೆ. ಹೋಗಬೇಡಿ ಅಂದರೆ ನನ್ನನ್ನೇ ಮನೆ ಒಳಗೆ ಬಿಡುವುದಿಲ್ಲ. ಹೋಗಿ, ಜೊತೆಗೆ ಗುಳಿಗೆಯನ್ನೂ ತಗೊಳ್ಳಿ ಅಂದರೆ ಕೇಳುತ್ತಾರೆ. ಗುಜರಾತಿನ ಉನಾವಾದಲ್ಲಿ ಮೀರಾ ದಾತಾರ್ ದರ್ಗಾದ ಜಾಗದಲ್ಲೇ ಡಾಕ್ಟರು ಕೂತು ನೋಡುತ್ತಾರಂತೆ, ದವಾ ಮತ್ತು ದುವಾ ಅಂತ ಅದಕ್ಕೆ ಹೆಸರು, ಅಲ್ಲಿನ ಮುಜಾವರರೇ ರೋಗಿಗಳನ್ನು ಡಾಕ್ಟರ ಕಡೆ ಕಳಿಸುತ್ತಾರೆ. ಒಂದು ತರಬೇತಿಯಲ್ಲಿ ಇದನ್ನು ಹೇಳಿದಾಗ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ನಮ್ಮಲ್ಲೂ ಇದು ಆಗುತ್ತದಲ್ಲ ಅಂತ. ಅದೇ ದಿನ ತಮಿಳುನಾಡಿನ ಏರ್ವಾಡಿಯ ಕಥೆಯೂ ಹೇಳಿದರು. 2001ರಲ್ಲಿ ಅಲ್ಲಿನ ದರ್ಗಾ ಹತ್ತಿರ ಮನೋರೋಗಿಗಳನ್ನು ಇಟ್ಟಿದ್ದ ಜಾಗಕ್ಕೆ ಬೆಂಕಿ ಬಿದ್ದಾಗ 28 ಜನ ಸತ್ತರು, ಸರಪಳಿ ಕಟ್ಟಿದ್ದರಿಂದ ಓಡಲು ಆಗಲಿಲ್ಲ. ನಾನು ಒಂದು ಮನೆಯಲ್ಲಿ ಹಟ್ಟಿಯ ಕಂಬಕ್ಕೆ ಕಟ್ಟಿದ ಹುಡುಗಿಯನ್ನು ಕಂಡಿದ್ದೆ, ಕಾಲಲ್ಲಿ ಎತ್ತಿನ ಹಗ್ಗ. ಅವಳ ತಾಯಿ ಕೆಟ್ಟವಳಲ್ಲ. ಕೂಲಿಗೆ ಹೋಗದಿದ್ದರೆ ಒಲೆ ಹತ್ತುವುದಿಲ್ಲ, ಬಿಟ್ಟು ಹೋದರೆ ಹುಡುಗಿ ರಸ್ತೆಗೆ ಓಡುತ್ತಾಳೆ. ಆರು ತಿಂಗಳು ಸೂಜಿ, ಗುಳಿಗೆ ಆದ ಮೇಲೆ ಆ ಹಗ್ಗ ಬಿಚ್ಚಿದರು.

ಎರಡನೇ ಮಾತು, ಗುಳೆ. ತೊಗರಿ ರಾಶಿ ಮುಗಿದ ಮೇಲೆ ಅರ್ಧ ಊರು ಮುಂಬೈ, ಪುಣೆ, ಹೈದರಾಬಾದಿಗೆ ಹೋಗುತ್ತದೆ. ರೋಗಿ ಇರುವ ಮನೆಯವರೂ ಹೋಗುತ್ತಾರೆ. ಗುಳಿಗೆ ಮಾತ್ರ ತಿಂಗಳಿಗೆ ಒಂದೇ ಸಲ, ಇಲ್ಲಿಯೇ ಬಂದು ತಗೊಳ್ಳಬೇಕು. ಹೋದವರು ಯುಗಾದಿಗೆ ವಾಪಸ್ ಬರುವಾಗ ರೋಗ ಜೋರು ಮಾಡಿಕೊಂಡು ಬರುತ್ತಾರೆ. ಗುಳೆ ಹೋಗುವವರಿಗೆ ಮೂರು ತಿಂಗಳ ಗುಳಿಗೆ ಒಟ್ಟಿಗೆ ಕೊಡಬೇಕು, ಜೊತೆಗೆ ಒಂದು ಚೀಟಿಯಲ್ಲಿ ಔಷಧದ ಹೆಸರು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಕೊಡಬೇಕು, ಅಲ್ಲಿನ ಸರ್ಕಾರಿ ದವಾಖಾನೆಯಲ್ಲಿ ತೋರಿಸಲು. ಮತ್ತೆ 14416 ನಂಬರು ಎಲ್ಲರಿಗೂ ಹೇಳಿ. ಟೆಲಿ ಮಾನಸ್ ಅಂತ, 2022ರಿಂದ ಇದೆ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ನಾನು ಒಂದು ಸಲ ರಾತ್ರಿ ಎರಡು ಗಂಟೆಗೆ ಒಬ್ಬ ಬಾಣಂತಿಯ ಗಂಡನಿಂದ ಮಾಡಿಸಿದ್ದೇನೆ, ಬೆಳಗ್ಗೆ ಎಲ್ಲಿಗೆ ಕರೆದುಕೊಂಡು ಹೋಗಬೇಕು ಅಂತ ಹೇಳಿದರು.


ಭೀಮಾತೀರ

ಗುಳೆಯದ್ದು ನನಗೆ ಹೊಳೆದೇ ಇರಲಿಲ್ಲ ಅಕ್ಕ. ನಮ್ಮ ಯಾದಗಿರಿ ಕಡೆಯೂ ಇದೇ ಹಣೆಬರಹ. ಶಹಾಪುರ, ಸುರಪುರ ಕಡೆಯಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋದವರಲ್ಲಿ ಎಷ್ಟು ಜನ ಹೀಗೆ ಗುಳಿಗೆ ಬಿಟ್ಟಿರಬಹುದು. ತಾಯಿ ಮಗುವಿನ ಎರಡು ಹಾಸಿಗೆ ಮೊದಲು, ದೊಡ್ಡ ಆಸ್ಪತ್ರೆ ಆಮೇಲೆ, ನಾನು ಇದಕ್ಕೆ ಒಪ್ಪುತ್ತೇನೆ. ಆದರೆ ಆಮೇಲೆ ಅಂತಲಾದರೂ ಬರೆಯಿರಿ, ಬಿಟ್ಟುಬಿಡಬೇಡಿ.


ತೊಗರಿಹೊಲ

ಎಲ್ಲರಿಗೂ ಹೇಗೆ ಹೇಳಬೇಕೋ ಗೊತ್ತಾಗುತ್ತಿಲ್ಲ. ನಿನ್ನೆ ರಾತ್ರಿ ಕೂತು ಬರೆದೆ. ನೀವೆಲ್ಲ ನೋಡಿ ತಿದ್ದಿ.

"ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 18ನೇ ಕಲಂ ಪ್ರಕಾರ ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಮನೋರೋಗದ ಔಷಧಗಳು ವರ್ಷದ ಯಾವ ವಾರವೂ ಖಾಲಿ ಆಗಬಾರದು. ಇಂಡೆಂಟನ್ನು ನೋಂದಾಯಿತ ರೋಗಿಗಳ ಸಂಖ್ಯೆಯ ಮೇಲೆ ಮಾಡಬೇಕು, ಕೊರತೆ ಬಿದ್ದರೆ ಆರೋಗ್ಯ ರಕ್ಷಾ ಸಮಿತಿಯಿಂದ ಅದೇ ವಾರ ಖರೀದಿಸಬೇಕು. ಗುಳೆ ಹೋಗುವ ಕುಟುಂಬಗಳಿಗೆ ಮೂರು ತಿಂಗಳ ಔಷಧ ಕೊಡಬೇಕು. ಲಿಥಿಯಂ ತೆಗೆದುಕೊಳ್ಳುವವರಿಗೆ ಪ್ರತಿ ಮಾರ್ಚ್‌ನಲ್ಲಿ ರಕ್ತ ಪರೀಕ್ಷೆ ಮಾಡಿಸಬೇಕು. ಜಿಲ್ಲಾ ಮಟ್ಟದಲ್ಲಿ ತಾಯಿ ಮಗುವಿಗೆ ಎರಡು ಹಾಸಿಗೆ ಮೀಸಲಿಡಬೇಕು. 31ನೇ ಕಲಂ ಪ್ರಕಾರ ತಾಲೂಕಿನ ಎಷ್ಟು ವೈದ್ಯಾಧಿಕಾರಿಗಳಿಗೆ ತರಬೇತಿ ಆಗಿದೆ ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ಈ ವಿಭಾಗಕ್ಕೆ ಒಂದು ಪೂರ್ಣ ಮಾನಸಿಕ ಆರೋಗ್ಯ ಸಂಸ್ಥೆ ಮುಂದಿನ ದಿನಗಳಲ್ಲಿ ಬೇಕು, ಆದರೆ ಮೇಲಿನವು ಅದಕ್ಕಾಗಿ ಕಾಯಬಾರದು."

ಕೊನೆಯ ಸಾಲು ಯುವಕ ಸಂಘದವರ ಜೊತೆ ಕೂತು ಬರೆದದ್ದು. ಮೊದಲು ಸ್ವಲ್ಪ ಬೇಜಾರಾದರು. ಬ್ಲೇಡಿನ ವಿಷಯ ಹೇಳಿದ ಮೇಲೆ ಅವರಲ್ಲೇ ಒಬ್ಬ ತಲೆ ತಗ್ಗಿಸಿ, ನಮ್ಮ ಚಿಕ್ಕಪ್ಪನೂ ಮಂಗಳವಾರ ಹೋಗುತ್ತಾನೆ ಅಕ್ಕಾ ಅಂದ. ಹತ್ತು ವರ್ಷದಿಂದ ಒಂದೇ ಓಣಿಯಲ್ಲಿದ್ದೇವೆ, ನನಗೆ ಗೊತ್ತಿರಲಿಲ್ಲ.

ಹುಚ್ಚರ ಲೈನು ಅನ್ನುವ ಮಾತನ್ನು ಮನವಿಯಲ್ಲಿ ಹೇಗೆ ಬರೆಯಬೇಕು ಅಂತ ನನಗೆ ತಿಳಿಯಲಿಲ್ಲ ಬಿಸಿಲುಹೊಳೆ ಅಣ್ಣಾ. ಅದನ್ನು ಸಭೆಯಲ್ಲಿ ಬಾಯಿಂದಲೇ ಹೇಳುತ್ತೇನೆ. ಮನವಿಯನ್ನು ತಮ್ಮನಿಗೆ ಓದಿ ಹೇಳಿದೆ. ಅವನು ಎಲ್ಲಾ ಕೇಳಿ, ಗುಳಿಗೆಯ ಹೆಸರು ತಪ್ಪು ಬರೆಯಬೇಡ, ಸ್ಪೆಲ್ಲಿಂಗ್ ನಾನು ಹೇಳುತ್ತೇನೆ ಅಂದ. ಎಲ್ಲ ಔಷಧಗಳ ಹೆಸರನ್ನೂ ಬೇರೆ ಹಾಳೆಯಲ್ಲಿ ಅವನ ಕೈಯಲ್ಲೇ ಬರೆಸಿ ಲಗತ್ತಿಸುತ್ತಿದ್ದೇನೆ. ಅವ್ವ ಬಿಸ್ಕತ್ತಿನ ಡಬ್ಬಿ ತಂದು ಮುಂದೆ ಇಟ್ಟಳು, ಒಂಬತ್ತು ವರ್ಷದ ಖಾಲಿ ಪಟ್ಟಿಗಳೆಲ್ಲ ಅದರಲ್ಲಿವೆ. ಇದನ್ನೂ ಸಭೆಗೆ ಒಯ್ಯೋಣ ಅಂತಾಳೆ.


ಔಷಧ ಕಿಟಕಿ

ಒಯ್ಯಿರಿ ಅಕ್ಕಾರೆ. ಮತ್ತೆ ಮನವಿ ಕೊಟ್ಟ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳುವುದು ಮರೆಯಬೇಡಿ. ಔಷಧದ ಹೆಸರಿನ ಹಾಳೆಯ ಫೋಟೋ ಇಲ್ಲಿ ಹಾಕಿ, ಅವು ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಇವೆಯಾ ಅಂತ ಒಂದೊಂದಾಗಿ ನಾನು ನೋಡಿ ಹೇಳುತ್ತೇನೆ.